ಲಾರಿ ಯಾಕೆ ಎಣ್ಣೆ ಕುಡಿಯುತ್ತದೆ?

ನಮ್ಮ ವಿಜಯಪುರದ ಕಡೆ ‘ಎಣ್ಣೆ’ ಎಂಬ ಶಬ್ದಕ್ಕೆ ಜಾಗ ನೋಡಿ ಅರ್ಥ ಹಚ್ಚಬೇಕು. ಅಡುಗೆಮನೆಯಲ್ಲಿ ಅದು ಕುಸುಬೆ ಎಣ್ಣೆ. ಹೊಲದಲ್ಲಿ ಪಂಪಿನ ಹತ್ತಿರ ಡೀಸೆಲ್. ಹೊತ್ತು ಮುಳುಗಿದ ಮೇಲೆ ಅದಕ್ಕೆ ಇನ್ನೂ ಒಂದು ಅರ್ಥವಿದೆ, ಅದನ್ನು ಈ ಪತ್ರಿಕೆಯಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಲಾರಿಯವರು ಎಂಜಿನ್ನಿಗೆ ಹಾಕುವುದಕ್ಕೆ ಮಾತ್ರ ‘ಆಯಿಲ್’ ಎಂದೇ ಹೇಳುತ್ತಾರೆ. ‘ಗಾಡಿ ಆಯಿಲ್ ಕುಡೀತದ’ ಎಂದು ಒಬ್ಬ ಮಾಲೀಕ ಹೇಳುವಾಗ ಅವನ ಮುಖ ನೋಡಬೇಕು. ಮಗ ಕುಡಿಯಲು ಕಲಿತ ಸುದ್ದಿ ಕೇಳಿದ ತಂದೆಯ ಕಳೆ ಅದರ ಮೇಲಿರುತ್ತದೆ.

ಕತೆ, ಕವಿತೆ, ವಚನಗಳ ವಿಚಾರ ಬರುವ ಸಂಘದ ಸಂಚಿಕೆಯಲ್ಲಿ ಇದೇನು ಗ್ಯಾರೇಜಿನ ಪುರಾಣ ಎಂದು ನೀವು ಕೇಳಬಹುದು. ಮುಂಬಯಿಯಲ್ಲಿ ಓದುತ್ತಿರುವ ನಮ್ಮಲ್ಲಿ ಎಷ್ಟು ಜನರ ಮನೆಯ ರೊಟ್ಟಿ ಕಳಂಬೋಲಿಯ ಲಾರಿ ನಿಲ್ದಾಣದಿಂದ, ವಾಶಿಯ ಮಾರುಕಟ್ಟೆಯಿಂದ ಬರುತ್ತದೆ ಎಂದು ಒಮ್ಮೆ ಎಣಿಸಿ ನೋಡಿ, ಆಮೇಲೆ ಕೇಳಿ. ನಾನು ಮೆಕ್ಯಾನಿಕಲ್ ಓದುತ್ತಿರುವುದರಿಂದ ಊರಿನವರೆಲ್ಲ ನನ್ನನ್ನು ಅರ್ಧ ಮಿಸ್ತ್ರಿ ಎಂದೇ ತಿಳಿದಿದ್ದಾರೆ. ಅವರು ಕೇಳುವ ಪ್ರಶ್ನೆಗಳಲ್ಲಿ ಹತ್ತಕ್ಕೆ ಆರು ಈ ಎಣ್ಣೆ ಕುಡಿಯುವ ಪ್ರಶ್ನೆಯೇ. ಅದಕ್ಕೆ ಅವರಿಗೆ ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: ‘ರಿಂಗ್ ಹೋಗ್ಯಾವ, ಎಂಜಿನ್ ಇಳಸಬೇಕು.’ ಈ ಉತ್ತರದ ಬೆಲೆ ಲಕ್ಷ ರೂಪಾಯಿಯ ಮೇಲೆ. ಅದು ಅನೇಕ ಸಲ ಸರಿಯಾದ ಉತ್ತರವೇ. ಆದರೆ ಎಷ್ಟೋ ಸಲ ತಪ್ಪು ಉತ್ತರ ಎಂಬುದಕ್ಕಾಗಿಯೇ ಈ ಲೇಖನ.

ಮೊದಲು ಅಡುಗೆಮನೆಗೆ ಹೋಗೋಣ. ಪ್ರೆಶರ್ ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೀರಿ. ಸೀಟಿ ಕೂರುವ ಸಣ್ಣ ನಳಿಗೆಯಲ್ಲಿ ಬೇಳೆಯ ಸಿಪ್ಪೆ ಸಿಕ್ಕಿಕೊಂಡಿದೆ. ಆವಿಗೆ ಹೋಗಲು ದಾರಿಯಿಲ್ಲ. ಆಗ ಅದು ಏನು ಮಾಡುತ್ತದೆ? ಮುಚ್ಚಳದ ಅಂಚಿನಲ್ಲಿ ರಬ್ಬರು ಎಲ್ಲಿ ಸಡಿಲವಿದೆಯೋ ಅಲ್ಲಿಂದ ಬುಸ್ಸೆಂದು ಹಳದಿ ನೀರು ಸಮೇತ ಹೊರಗೆ ಬರುತ್ತದೆ. ‘ಗ್ಯಾಸ್ಕೆಟ್ ಹೋಯಿತು’ ಎಂದು ಹೊಸದು ತಂದು ಹಾಕುತ್ತೀರಿ. ನಾಲ್ಕು ದಿನ ಸರಿ, ಮತ್ತೆ ಅದೇ ರಾಮಾಯಣ. ತಪ್ಪು ಗ್ಯಾಸ್ಕೆಟ್ಟಿನದಲ್ಲ, ನಳಿಗೆಯದು. ಲಾರಿಯ ಎಂಜಿನ್ನಿನಲ್ಲಿಯೂ ಇಂಥ ಒಂದು ನಳಿಗೆ ಇದೆ. ಅದರ ಹೆಸರು ಬ್ರೀದರ್, ಎಂದರೆ ಉಸಿರು ಬಿಡುವ ಕೊಳವೆ. ಹಳೆಯ ಲಾರಿಗಳಲ್ಲಿ ಎಂಜಿನ್ನಿನ ಪಕ್ಕದಿಂದ ಹೊರಟು ನೆಲದತ್ತ ಮುಖ ಮಾಡಿ ಇಳಿಬಿದ್ದಿರುತ್ತದೆ. ಅದರ ಬಾಯಿಯ ಸುತ್ತ ಯಾವಾಗಲೂ ಕರಿ ಜಿಡ್ಡು. ಲಾರಿ ತೊಳೆಯುವವನೂ ಅದನ್ನು ಮುಟ್ಟುವುದಿಲ್ಲ.

ಎಂಜಿನ್ನಿಗೆ ಈ ಉಸಿರು ಎಲ್ಲಿಂದ ಬರುತ್ತದೆ? ಪಿಸ್ಟನ್ನುಗಳ ಮೇಲಿನ ಜಾಗದಲ್ಲಿ ಬೆಂಕಿ, ಕೆಳಗಿನ ಜಾಗದಲ್ಲಿ ಎಣ್ಣೆ. ಕೆಳಗಿನ ಜಾಗಕ್ಕೆ ಕ್ರ್ಯಾಂಕ್‌ಕೇಸ್ ಎಂದು ಹೆಸರು. ನಾವು ಎಂಜಿನ್ನಿನ ಹೊಟ್ಟೆ ಎನ್ನೋಣ. ಹೊಟ್ಟೆಯ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯನ್ನು ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಮೇಲಿನ ಬೆಂಕಿಗೂ ಕೆಳಗಿನ ಎಣ್ಣೆಗೂ ನಡುವೆ ಕಾವಲಿರುವುದು ಪಿಸ್ಟನ್ನಿನ ಸುತ್ತಲಿನ ರಿಂಗುಗಳು. ಸಾಮಾನ್ಯವಾಗಿ ಮೂರು. ಮೇಲಿನ ಎರಡರ ಮುಖ್ಯ ಕೆಲಸ ಒತ್ತಡ ತಡೆಯುವುದು, ಮೂರನೆಯದರ ಕೆಲಸ ಲೈನರಿನ ಗೋಡೆಗೆ ಹತ್ತಿದ ಎಣ್ಣೆಯನ್ನು ಕೆರೆದು ಕೆಳಗೆ ಕಳಿಸುವುದು. ರಿಂಗ್ ಎಂದರೆ ಪೂರ್ತಿ ಬಳೆಯಲ್ಲ, ಒಂದು ಕಡೆ ಸೀಳಿರುವ ಬಳೆ. ಬಿಸಿಗೆ ಹಿಗ್ಗಲು ಆ ಸೀಳು ಬೇಕೇ ಬೇಕು. ಒಳಗೆ ಬೆಂಕಿ ಹತ್ತಿದಾಗ ಒತ್ತಡ ಹೊರಗಿನ ಗಾಳಿಯ ನೂರು ಪಟ್ಟು ದಾಟುತ್ತದೆ. ಅಷ್ಟು ಒತ್ತಡವಿದ್ದಾಗ ಕೂದಲೆಳೆಯ ಸೀಳಿನಿಂದಲೂ ಸ್ವಲ್ಪ ಹೊಗೆ ಕೆಳಗೆ ನುಸುಳದೆ ಇರುತ್ತದೆಯೆ? ಹೀಗೆ ನುಸುಳಿದ ಹೊಗೆಗೆ ಪುಸ್ತಕದಲ್ಲಿ ಬ್ಲೋ-ಬೈ ಎಂದೂ ನಮ್ಮ ಮಿಸ್ತ್ರಿಗಳ ಬಾಯಲ್ಲಿ ‘ಬ್ಯಾಕ್ ಕಂಪ್ರೆಷನ್’ ಎಂದೂ ಹೆಸರು. ಮಿಸ್ತ್ರಿಗಳ ಹೆಸರೇ ನನಗೆ ಹೆಚ್ಚು ಚಂದ ಕಾಣುತ್ತದೆ. ಹೊಗೆ ಯಾವ ಕಡೆ ಹೋಗಬಾರದಿತ್ತೋ ಆ ಕಡೆ ಹೋಯಿತು ಎಂಬುದು ಅದರಲ್ಲಿದೆ.

ಒಂದು ಲೆಕ್ಕ ಹಾಕೋಣ. ಆರು ಸಿಲಿಂಡರು, ಸುಮಾರು ೬ ಲೀಟರಿನ ಎಂಜಿನ್ನು, ನಿಮಿಷಕ್ಕೆ ೨೦೦೦ ಸುತ್ತು. ಎರಡು ಸುತ್ತಿಗೆ ಒಂದು ಸಲ ಪ್ರತಿ ಸಿಲಿಂಡರಿನಲ್ಲಿ ಬೆಂಕಿ. ಅಂದರೆ ಒಟ್ಟು ನಿಮಿಷಕ್ಕೆ ೬೦೦೦ ಸಲ, ಸೆಕೆಂಡಿಗೆ ೧೦೦ ಸಲ. ಟರ್ಬೊ ಇದ್ದು ಎಂಜಿನ್ನು ಭಾರ ಎಳೆಯುತ್ತಿದ್ದರೆ ನಿಮಿಷಕ್ಕೆ ಹತ್ತು ಸಾವಿರ ಲೀಟರಿನಷ್ಟು ಗಾಳಿ ಸೇದುತ್ತದೆ ಎಂದು ಇಟ್ಟುಕೊಳ್ಳಿ. ಇದರಲ್ಲಿ ನೂರಕ್ಕೆ ಅರ್ಧ ಪಾಲು ಮಾತ್ರ ಕೆಳಗೆ ನುಸುಳಿದರೂ ನಿಮಿಷಕ್ಕೆ ೫೦ ಲೀಟರ್ ಹೊಗೆ ಹೊಟ್ಟೆಗೆ ಇಳಿಯಿತು. ಇದು ಚೆನ್ನಾಗಿರುವ ಎಂಜಿನ್ನಿನ ಮಾತು. ಎಂಟೊಂಬತ್ತು ಲಕ್ಷ ಕಿಲೋಮೀಟರು ಓಡಿ ರಿಂಗು, ಲೈನರು ಸವೆದ ಎಂಜಿನ್ನಿನಲ್ಲಿ ಇದರ ಎರಡು ಮೂರು ಪಟ್ಟು ಆದರೂ ಆಶ್ಚರ್ಯವಿಲ್ಲ. ಇಷ್ಟು ಹೊಗೆ ನಿಮಿಷ ನಿಮಿಷಕ್ಕೂ ಆ ಹೆಬ್ಬೆರಳ ದಪ್ಪದ ಕೊಳವೆಯಿಂದ ಹೊರಗೆ ಹೋಗಬೇಕು. ಹೋಗದಿದ್ದರೆ ಕುಕ್ಕರಿನ ಕತೆ.

ಈ ಹೊಗೆ ಬರಿಗೈಯಲ್ಲಿ ಬರುವುದಿಲ್ಲ. ಮಸಿ, ಅರೆಬೆಂದ ಡೀಸೆಲ್, ಆಮ್ಲದ ಅಂಶ, ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಆವಿಯನ್ನು ತರುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಡೀಸೆಲ್ಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಆಗುವ ನೀರು ಅದು. ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಚೂರು ಹೊಟ್ಟೆಗೆ ಇಳಿಯುತ್ತದೆ. ಎಂಜಿನ್ನು ಬಿಸಿಯಾಗಿ ಓಡುತ್ತಿದ್ದರೆ ಅದು ಆವಿಯಾಗಿಯೇ ಬ್ರೀದರಿನಿಂದ ಹೊರಟುಹೋಗುತ್ತದೆ. ಬಂದರಿನ ಮುಂದೆ ಸರದಿಯಲ್ಲಿ ನಿಂತು ಗಂಟೆಗಟ್ಟಲೆ ಸುಮ್ಮನೆ ಎಂಜಿನ್ ಚಾಲೂ ಇಟ್ಟರೆ ಒಳಗೆ ಬೇಕಾದಷ್ಟು ಬಿಸಿ ಇರುವುದಿಲ್ಲ; ನೀರು ಎಣ್ಣೆಗೆ ಕೂಡಿ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಕೆನೆ ಕಟ್ಟುತ್ತದೆ. (ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಈ ಕೆನೆಯ ಕಾರಣ ಬೇರೆ, ಹೆಡ್ ಗ್ಯಾಸ್ಕೆಟ್ ನೋಡಬೇಕು.) ಕೆನೆ, ಮಸಿ, ಧೂಳು ಮೂರೂ ಸೇರಿದರೆ ಬ್ರೀದರಿನಲ್ಲಿ ಗಾರೆಯಂತೆ ಕಟ್ಟುತ್ತದೆ. ಹಿಮ ಬೀಳುವ ಕಡೆಗಳಲ್ಲಂತೂ ಈ ಆವಿ ಕೊಳವೆಯ ಬಾಯಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುವುದುಂಟು.

ಎಣ್ಣೆ ಕಪ್ಪಾಯಿತೆಂದು ಗಾಬರಿಯಾಗುವವರಿಗೆ ಇಲ್ಲಿ ಒಂದು ಮಾತು. ಡೀಸೆಲ್ ಎಂಜಿನ್ನಿನ ಎಣ್ಣೆ ಹೊಸದಾಗಿ ಹಾಕಿ ಸ್ವಲ್ಪ ಓಡಿಸಿದರೂ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸ. ಕಪ್ಪಾಗದಿದ್ದರೇ ಸಂಶಯಪಡಬೇಕು.

ಈಗ ಬಾಯಿ ಮುಚ್ಚಿದ ಹೊಟ್ಟೆಯಲ್ಲಿ ಎಣ್ಣೆ ಹೇಗೆ ಖರ್ಚಾಗುತ್ತದೆ ನೋಡಿ. ಒಳಗೆ ಒತ್ತಡ ಏರಿದೊಡನೆ ಕ್ರ್ಯಾಂಕಿನ ಹಿಂದಿನ ಸೀಲು ಸೋರಲು ಸುರುವಾಗುತ್ತದೆ. ಆ ಸೀಲು ತುಟಿಯಿದ್ದಂತೆ. ಎಣ್ಣೆಯ ಸಿಡಿತವನ್ನು ತಡೆಯಲು ಮಾಡಿದ್ದೇ ಹೊರತು ಒತ್ತಡ ತಡೆಯಲು ಅಲ್ಲ. ಇನ್ನೊಂದು ದಾರಿ ಟರ್ಬೊ. ಟರ್ಬೊದ ದಂಡಕ್ಕೆ ಎಣ್ಣೆ ಪಂಪಿನ ಬಲದಿಂದ ಬರುತ್ತದೆ, ಆದರೆ ಅಲ್ಲಿಂದ ವಾಪಸ್ಸು ಚೇಂಬರಿಗೆ ಇಳಿಯುವುದು ತನ್ನ ಭಾರದಿಂದ, ಮೋರಿಯ ನೀರಿನ ಹಾಗೆ. ಕೆಳಗೆ ಒತ್ತಡವಿದ್ದರೆ ಆ ಎಣ್ಣೆ ಇಳಿಯಲಾರದೆ ಟರ್ಬೊದಲ್ಲಿ ತುಂಬಿಕೊಂಡು ಸೀಲಿನ ಆಚೆ ಹೋಗುತ್ತದೆ: ಒಂದು ಕಡೆ ಹೋದರೆ ಗಾಳಿಯ ಜತೆ ಎಂಜಿನ್ನಿಗೆ, ಇನ್ನೊಂದು ಕಡೆ ಹೋದರೆ ಸೈಲೆನ್ಸರಿಗೆ. ಎರಡೂ ಕಡೆಯಿಂದ ನೀಲಿ ಹೊಗೆಯೇ. ನೀಲಿ ಹೊಗೆ ಕಂಡೊಡನೆ ಗ್ಯಾರೇಜಿನವರು ‘ರಿಂಗ್’ ಎನ್ನುತ್ತಾರೆ, ಇಲ್ಲವೇ ‘ಟರ್ಬೊ ಹೋಗೇದ’ ಎನ್ನುತ್ತಾರೆ. ಹೊಸ ಟರ್ಬೊ ಹಾಕಿದರೂ ಅದೂ ಸೋರುತ್ತದೆ, ಪಾಪ, ಅದರ ತಪ್ಪೇನು?

ಕಳೆದ ಮಳೆಗಾಲದಲ್ಲಿ ನನ್ನ ಸೋದರಮಾವನಿಗೆ ಆದದ್ದು ಹೆಚ್ಚು ಕಡಿಮೆ ಇದೇ. ಮಾಮನದು ಒಂದೇ ಲಾರಿ, ೨೦೧೨ರ ಮಾಡೆಲ್ಲು, ಒಂಬತ್ತು ಲಕ್ಷ ಕಿಲೋಮೀಟರು ದಾಟಿದ್ದು. ಇತ್ತ ಬರುವಾಗ ಉಳ್ಳಾಗಡ್ಡಿ, ಅತ್ತ ಹೋಗುವಾಗ ಕಬ್ಬಿಣ, ಇಲ್ಲವೆ ಪೇಪರಿನ ರೋಲು. ಸಾವಿರ ಕಿಲೋಮೀಟರಿಗೆ ಎರಡು ಲೀಟರ್ ಎಣ್ಣೆ ಸುರಿಯಬೇಕಾಗಿತ್ತು. ಹಿಂದಿನ ಸೀಲು ನಾಲ್ಕು ತಿಂಗಳಲ್ಲಿ ಎರಡು ಸಲ ಬದಲಾಗಿತ್ತು. ಸೀಲು ಬದಲಿಸುವುದೆಂದರೆ ಗೇರ್‌ಬಾಕ್ಸ್ ಇಳಿಸುವುದು, ಎರಡು ದಿನದ ಬಾಡಿಗೆ ಹೋದ ಹಾಗೆ. ಒಂದು ಗ್ಯಾರೇಜಿನವರು ಪೂರಾ ಎಂಜಿನ್ ಕೆಲಸಕ್ಕೆ ಒಂದು ಲಕ್ಷ ಅರವತ್ತು ಸಾವಿರದ ಚೀಟಿ ಬರೆದುಕೊಟ್ಟರು. ಅದು ಮಾಮನ ಮಗಳ ನರ್ಸಿಂಗ್ ಕಾಲೇಜಿನ ಫೀ ಕಟ್ಟುವ ತಿಂಗಳು. ಅತ್ತೆಯ ಪಾಟಲಿ ಒತ್ತೆ ಇಡುವ ಮಾತು ಮನೆಯಲ್ಲಿ ನಡೆದಿತ್ತು. ಫೋನಿನಲ್ಲಿ ಮಾಮ ಅಂದದ್ದು ಇಷ್ಟೆ: ‘ಅಳಿಯಾ, ಗಾಡೀನ ಉಳಸ್ಲೋ, ಹುಡುಗೀನ ಓದಸ್ಲೋ, ಎರಡರಾಗ ಒಂದು ಅನ್ನೂ ಹಂಗ ಆಗೇದ. ನೀ ಒಮ್ಮಿ ಬಂದು ನೋಡು.’

ಗ್ಯಾರೇಜಿನವರು ರಿಂಗ್ ಹೋಗಿದೆ ಎಂದು ಹೇಳಲು ಒಂದು ಆಧಾರವಿತ್ತು. ಎಂಜಿನ್ ಚಾಲೂ ಇಟ್ಟು ಎಣ್ಣೆ ಸುರಿಯುವ ಮುಚ್ಚಳ ತೆಗೆದರೆ ಅಲ್ಲಿಂದ ಭುಸುಭುಸು ಹೊಗೆ. ಇದು ನಮ್ಮ ದೇಶದ ಎಲ್ಲ ಗ್ಯಾರೇಜುಗಳಲ್ಲಿ ನಡೆಯುವ ಪರೀಕ್ಷೆ. ಆದರೆ ಯೋಚಿಸಿ: ಬ್ರೀದರ್ ಮುಚ್ಚಿದ್ದರೆ ಹೊಗೆಗೆ ಬೇರೆ ದಾರಿ ಎಲ್ಲಿದೆ? ಮುಚ್ಚಳ ತೆಗೆದ ಕೂಡಲೆ ಅಷ್ಟೂ ಹೊಗೆ ಅಲ್ಲೇ ನುಗ್ಗುತ್ತದೆ. ಬ್ರೀದರ್ ಸರಿಯಿದ್ದಾಗಲೂ ಅಗಲ ಬಾಯಿ ಸಿಕ್ಕರೆ ಹೊಗೆ ಅಲ್ಲಿಂದಲೇ ಹೋಗುವುದು. ಹೊಗೆ ಕಂಡಿತೆಂಬುದು ಎಂಜಿನ್ನು ಉಸಿರಾಡುತ್ತಿದೆ ಎಂದಷ್ಟೇ ಹೇಳುತ್ತದೆ. ಎಷ್ಟು ಎಂಬುದನ್ನು ಕಣ್ಣಳತೆಯಿಂದ ಹೇಳಬಲ್ಲವರು ದಿನವೂ ನೂರು ಎಂಜಿನ್ ನೋಡಿದ ಅನುಭವಿಗಳು ಮಾತ್ರ.

ಭಾನುವಾರ ಕಳಂಬೋಲಿಗೆ ಹೋಗುವಾಗ ನಾನು ಹಾರ್ಡ್‌ವೇರ್ ಅಂಗಡಿಯಿಂದ ಮೂರು ಮೀಟರ್ ಪಾರದರ್ಶಕ ನಳಿಗೆ ಕೊಂಡುಹೋಗಿದ್ದೆ. ಅದರಲ್ಲಿ ನೀರು ತುಂಬಿ ಹೊಟ್ಟೆಯ ಒತ್ತಡ ಅಳೆಯುವುದು ನನ್ನ ವಿಚಾರ. ಮಾಡುವ ಬಗೆ ಕೊನೆಗೆ ಹೇಳುತ್ತೇನೆ. ಎಂಜಿನ್ ಚಾಲೂ ಮಾಡಿ ಸ್ವಲ್ಪ ಎಕ್ಸಲೇಟರ್ ಒತ್ತಿದ್ದೇ ತಡ, ನೀರು ನಳಿಗೆಯಿಂದ ಚಿಮ್ಮಿ ಕ್ಲೀನರ್ ಹುಡುಗನ ಅಂಗಿ ತೊಯ್ಯಿತು. ಸವೆದ ರಿಂಗು ಮಾತ್ರ ಇಷ್ಟು ಮಾಡುವುದಿಲ್ಲ. ದಾರಿ ಕಟ್ಟಿರಬೇಕು ಎಂದು ಬ್ರೀದರಿನ ಕೊಳವೆಯನ್ನು ಹಿಡಿದುಕೊಂಡು ಲಾರಿಯ ಕೆಳಗೆ ಹೊಕ್ಕೆ. ಕೊಳವೆಯ ತುದಿಗೆ ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ. ಬಾಟಲಿಯ ಬಾಯಿಗೂ ಕೊಳವೆಗೂ ನಡುವೆ ಬಟ್ಟೆ ಸುತ್ತಿ ತಂತಿಯಿಂದ ಬಿಗಿದಿದ್ದರು. ಬಟ್ಟೆ ಎಣ್ಣೆ ಮತ್ತು ಧೂಳು ಕುಡಿದು ಹಲಗೆಯಾಗಿತ್ತು. ವಿಚಾರಿಸಿದರೆ ಕತೆ ಹೊರಬಿತ್ತು: ಪೇಪರಿನ ಗೋದಾಮೊಂದರಲ್ಲಿ ‘ನಿಮ್ಮ ಗಾಡಿ ನೆಲದ ಮೇಲೆ ಎಣ್ಣೆ ಹನಿಸುತ್ತದೆ, ಒಳಗೆ ತರಬೇಡಿ’ ಎಂದಿದ್ದರಂತೆ. ಡ್ರೈವರ್ ಅಣ್ಣ ಮರ್ಯಾದಸ್ಥ ಮನುಷ್ಯ. ಹನಿ ಬೀಳದ ಹಾಗೆ ತಾನೇ ಕಟ್ಟಿದ್ದ, ಏಳೆಂಟು ತಿಂಗಳ ಹಿಂದೆ. ಸೀಲು ಸೋರಲು ಸುರುವಾದದ್ದೂ ಅದರ ಬೆನ್ನಿಗೇ.

ಬಾಟಲಿ ಬಿಚ್ಚಿ, ಕೊಳವೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಂಜಿನ್ನಿನ ಕಡೆಯ ಜಾಲರಿಯ ಡಬ್ಬಿಯನ್ನೂ ತೆಗೆದು ತೊಳೆದು ಒಣಗಿಸಿ ಹಾಕಿದೆವು. ಆಮೇಲೆ ನಳಿಗೆಯ ನೀರು ೩೦ ಮಿಲಿಮೀಟರಿನ ಆಸುಪಾಸಿನಲ್ಲಿ ಸುಮ್ಮನೆ ನಡುಗುತ್ತ ನಿಂತಿತು. ತುಟಿ ಹೋಗಿದ್ದ ಹಿಂದಿನ ಸೀಲನ್ನು ಮೂರನೆಯ ಸಲ ಬದಲಿಸಲೇಬೇಕಾಯಿತು. ಟರ್ಬೊ ಬದಲಿಸಲಿಲ್ಲ, ಅದಕ್ಕೆ ಏನೂ ಆಗಿರಲಿಲ್ಲ. ಗೋದಾಮಿನವರ ದೂರೂ ಸುಳ್ಳಲ್ಲವಲ್ಲ. ಅದಕ್ಕಾಗಿ ಐದು ಲೀಟರಿನ ಡಬ್ಬಿಯೊಂದನ್ನು ಪಟ್ಟಿಯಿಂದ ಚಾಸಿಗೆ ಬಿಗಿದು, ಕೊಳವೆಯನ್ನು ಅದರ ಮೇಲುಭಾಗದೊಳಗೆ ಇಳಿಸಿ, ಹೊಗೆ ಹೋಗಲು ಪಕ್ಕದಲ್ಲಿ ಕೊಳವೆಗಿಂತ ದೊಡ್ಡ ತೂತು ಬಿಟ್ಟೆವು. ಎಣ್ಣೆ ಡಬ್ಬಿಯಲ್ಲಿ ನಿಲ್ಲುತ್ತದೆ, ಉಸಿರು ಹೊರಗೆ ಹೋಗುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡುವುದು ಕ್ಲೀನರ್ ಹುಡುಗನ ಪಾಲಿಗೆ.

ಫಲ ಏನಾಯಿತು? ಎಣ್ಣೆಯ ಖರ್ಚನ್ನು ಡೀಸೆಲ್ಲಿಗೆ ಹೋಲಿಸಿ ನೋಡುವುದು ಒಳ್ಳೆಯ ಪದ್ಧತಿ. ಭಾರ ಹೆಚ್ಚಾದರೆ ಎರಡೂ ಹೆಚ್ಚುತ್ತವೆ, ಆದ್ದರಿಂದ ಲೆಕ್ಕ ಹದಗೆಡುವುದಿಲ್ಲ. ಲಾರಿ ಲೀಟರಿಗೆ ೪ ಕಿಲೋಮೀಟರು ಕೊಟ್ಟರೆ ಸಾವಿರ ಕಿಲೋಮೀಟರಿಗೆ ೨೫೦ ಲೀಟರ್ ಡೀಸೆಲ್. ಚೆನ್ನಾಗಿರುವ ಎಂಜಿನ್ನು ಡೀಸೆಲ್ಲಿನ ಶೇಕಡಾ ೦.೧ರಿಂದ ೦.೩ರಷ್ಟು ಎಣ್ಣೆ ತಿನ್ನುತ್ತದೆ ಎಂಬುದು ಸಾಮಾನ್ಯ ಅಂದಾಜು, ೦.೫ ದಾಟಿದರೆ ಕಾರಣ ಹುಡುಕಬೇಕು. ಮಾಮನ ಲಾರಿ ಎರಡು ಲೀಟರ್ ತಿನ್ನುತ್ತಿತ್ತು, ಎಂದರೆ ಶೇಕಡಾ ೦.೮. ಈಗ ಒಂದು ಲೀಟರಿನ ಹತ್ತಿರ ಬಂದಿದೆ, ೦.೪. ಹೊಸ ಎಂಜಿನ್ನಿನಂತೆ ಆಯಿತೆಂದು ನಾನು ಹೇಳುವುದಿಲ್ಲ. ಅದು ಸವೆದ ಎಂಜಿನ್ನೇ. ಇನ್ನೊಂದೆರಡು ವರ್ಷಕ್ಕೆ ಇಳಿಸಲೇಬೇಕಾದೀತು. ಆದರೆ ಆ ತಿಂಗಳು ಇಳಿಸಬೇಕಾಗಿರಲಿಲ್ಲ. ತಿಂಗಳಿಗೆ ಹತ್ತು ಸಾವಿರ ಕಿಲೋಮೀಟರು ಓಡುವ ಗಾಡಿಗೆ ಹತ್ತು ಲೀಟರ್ ಉಳಿಯಿತು. ಲೀಟರಿಗೆ ಮುನ್ನೂರು ರೂಪಾಯಿ ಹಿಡಿದರೂ ತಿಂಗಳಿಗೆ ಮೂರು ಸಾವಿರ. ಫೀ ಕಟ್ಟಿದ್ದಾಯಿತು, ಪಾಟಲಿ ಅತ್ತೆಯ ಕೈಯಲ್ಲೇ ಇವೆ.

ಇಷ್ಟು ಓದಿ ‘ಎಲ್ಲ ಬ್ರೀದರಿನ ಮಹಿಮೆ’ ಎಂದುಕೊಂಡು ಹೊರಡಬೇಡಿ. ಎಣ್ಣೆಗೆ ಹೋಗುವ ದಾರಿ ಬಹಳ. ಹೊರಗೆ ಸೋರುವುದು ಒಂದು. ರಾತ್ರಿ ಲಾರಿ ನಿಲ್ಲಿಸಿದಲ್ಲಿ ರಟ್ಟು ಹಾಸಿದರೆ ಬೆಳಿಗ್ಗೆ ಗೊತ್ತಾಗುತ್ತದೆ. ವಾಲ್ವ್ ಗೈಡು ಸವೆದು ಇಳಿಯುವುದು ಇನ್ನೊಂದು. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಮುದ್ದೆ ನೀಲಿ ಹೊಗೆ ಬಿಟ್ಟು ಆಮೇಲೆ ತೆಪ್ಪಗಾದರೆ ಅದರ ಮೇಲೆ ಗುಮಾನಿ. ಯಾರೂ ನೋಡದ ಕಳ್ಳ ಒಬ್ಬನಿದ್ದಾನೆ, ಬ್ರೇಕಿನ ಗಾಳಿ ತುಂಬುವ ಕಂಪ್ರೆಸರು. ಅದೂ ಎಂಜಿನ್ನಿನ ಎಣ್ಣೆಯನ್ನೇ ಕುಡಿದು ಬದುಕುವ ಸಣ್ಣದೊಂದು ಪಿಸ್ಟನ್ ಯಂತ್ರ. ಅದರ ರಿಂಗು ಸವೆದರೆ ಎಣ್ಣೆ ಗಾಳಿಯ ಟಾಂಕಿಗೆ ಹೋಗುತ್ತದೆ. ಟಾಂಕಿಯ ಕೆಳಗಿನ ನಲ್ಲಿ ಬಿಟ್ಟಾಗ ನೀರಿನ ಬದಲು ಎಣ್ಣೆ ಬಂದರೆ ಅವನೇ. ಅಷ್ಟೇ ಅಲ್ಲ, ಅವನು ತನ್ನ ಗಾಳಿಯನ್ನು ಎಂಜಿನ್ನಿನ ಹೊಟ್ಟೆಗೂ ಬಿಡುತ್ತಾನೆ. ಆಗ ಎಂಜಿನ್ನಿನ ರಿಂಗುಗಳ ಮೇಲೆ ಸುಳ್ಳು ಅಪವಾದ ಬರುತ್ತದೆ. ಇದನ್ನು ಹಿಡಿಯುವ ಉಪಾಯ ಸರಳ: ಬ್ರೀದರಿನ ಹೊಗೆಯನ್ನು ನೋಡುತ್ತಿರಿ, ಟಾಂಕಿ ತುಂಬಿ ಕಂಪ್ರೆಸರು ಗಾಳಿ ತುಂಬುವುದನ್ನು ನಿಲ್ಲಿಸಿದ ಕ್ಷಣದಲ್ಲಿ ಹೊಗೆ ತಟ್ಟನೆ ಇಳಿದರೆ ಸವೆದಿರುವುದು ಕಂಪ್ರೆಸರು. ಸವೆದ ಟರ್ಬೊ ಕೂಡ ತನ್ನ ಒತ್ತಡದ ಗಾಳಿಯನ್ನು ಎಣ್ಣೆ ಇಳಿಯುವ ಕೊಳವೆಯಿಂದ ಹೊಟ್ಟೆಗೆ ಸೇರಿಸಬಲ್ಲದು. ಎಂಜಿನ್ ಇಳಿಸುವ ಮೊದಲು ಈ ಇಬ್ಬರನ್ನು ವಿಚಾರಿಸಲೇಬೇಕು.

ಮತ್ತೊಂದು ದಾರಿಯನ್ನು ನಾವೇ ಕೈಯಾರೆ ತೆರೆಯುತ್ತೇವೆ: ಹೆಚ್ಚು ಎಣ್ಣೆ ಸುರಿಯುವುದು. ‘ಹೆಂಗೂ ಕುಡೀತದ, ಒಂದು ಲೀಟರ್ ಜಾಸ್ತಿ ಇರಲಿ’ ಎನ್ನುವವರಿದ್ದಾರೆ. ಎಣ್ಣೆ ಗೇಜಿನ ಮೇಲಿನ ಗೆರೆ ದಾಟಿದರೆ ಕ್ರ್ಯಾಂಕಿನ ತೂಕದ ಗುಂಡುಗಳು ಅದರಲ್ಲಿ ಮುಳುಗಿ ಕಡೆಗೋಲಿನಂತೆ ಕಡೆಯುತ್ತವೆ. ನೊರೆ ಏಳುತ್ತದೆ, ನೊರೆ ಬ್ರೀದರಿನಿಂದ ಹೊರಗೆ ಹೋಗುತ್ತದೆ, ಗಾಡಿ ಇನ್ನೂ ಹೆಚ್ಚು ಕುಡಿಯಿತೆಂದು ಇನ್ನೂ ಸುರಿಯುತ್ತಾರೆ. ಎರಡು ಗೆರೆಗಳ ನಡುವೆ ಎಣ್ಣೆ ಇದ್ದರೆ ಸಾಕು. ನೋಡುವುದು ಸಪಾಟು ನೆಲದ ಮೇಲೆ, ಎಂಜಿನ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಟ್ಟು. ಬೇರೆ ಗಾಡಿಯ ಗೇಜ್ ಕಡ್ಡಿ ಹಾಕಿಕೊಂಡವರ ಲೆಕ್ಕವಂತೂ ದೇವರಿಗೇ ಗೊತ್ತು.

ಧೂಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿಯ ಫಿಲ್ಟರಿನಿಂದ ಟರ್ಬೊದವರೆಗಿನ ರಬ್ಬರು ಕೊಳವೆ ಸೀಳಿದ್ದರೆ, ಕ್ಲಿಪ್ಪು ಸಡಿಲವಿದ್ದರೆ ಸಣ್ಣ ಮರಳು ನೇರ ಲೈನರಿಗೆ ಹೋಗಿ ಅರೆಯುತ್ತದೆ. ಹೊಸ ರಿಂಗು ಹಾಕಿದ ಎಂಜಿನ್ನೂ ಇದರಿಂದ ಬೇಗ ಹಾಳಾಗುತ್ತದೆ. ದಪ್ಪ ಎಣ್ಣೆ ಹಾಕಿದರೆ ಕುಡಿಯುವುದು ಸ್ವಲ್ಪ ಕಡಿಮೆಯಾಗುವುದು ನಿಜ, ಆದರೆ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಅದು ಮೇಲಕ್ಕೆ ಏರಲು ತಡಮಾಡುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನು ಬಿಟ್ಟು ಹೋಗಬಾರದೆಂದೇ ನನ್ನ ಅಭಿಪ್ರಾಯ. ಬಾಟಲಿಯಲ್ಲಿ ಮಾರುವ ‘ರಿಂಗ್ ಜೀವಂತ’ ಮಾಡುವ ಔಷಧಿಗಳು ಸವೆದ ಕಬ್ಬಿಣವನ್ನು ಮತ್ತೆ ಬೆಳೆಸಲಾರವು.

ಒಂದು ಅಪಾಯವನ್ನು ಮಾತ್ರ ಸಾವಕಾಶವಾಗಿ ಹೇಳಬೇಕು. ಬ್ರೀದರಿನ ಜಿಡ್ಡು ಬೇಡವೆಂದು ಕೆಲವರು ಅದರ ಕೊಳವೆಯನ್ನು ತಾವೇ ಗಾಳಿ ಸೇದುವ ಪೈಪಿಗೆ ಜೋಡಿಸಿಬಿಡುತ್ತಾರೆ. ಕಂಪನಿಯವರು ಹಾಗೆ ಜೋಡಿಸುವಾಗ ನಡುವೆ ಎಣ್ಣೆ ಬೇರೆ ಮಾಡುವ ಸಾಧನ ಇಟ್ಟಿರುತ್ತಾರೆ, ಇವರು ಇಡುವುದಿಲ್ಲ. ಎಣ್ಣೆಯ ಮಂಜು ಟರ್ಬೊಗೆ, ಇಂಟರ್‌ಕೂಲರಿಗೆ ಹೋಗಿ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ, ಒತ್ತಿದ ಗಾಳಿಯ ಬಿಸಿಯೇ ಸಾಕು. ಅದು ಎಂಜಿನ್ ಎಣ್ಣೆಯನ್ನೂ ಡೀಸೆಲ್ಲಿನಂತೆಯೇ ಉರಿಸುತ್ತದೆ. ನಿಂತ ಎಣ್ಣೆ ಒಮ್ಮೆಲೇ ಒಳಗೆ ಹೋದರೆ ಎಂಜಿನ್ನು ತನ್ನಷ್ಟಕ್ಕೆ ತಾನೇ ವೇಗ ಹಿಡಿಯುತ್ತದೆ. ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಏಕೆಂದರೆ ಕೀಲಿ ನಿಲ್ಲಿಸುವುದು ಡೀಸೆಲ್ಲನ್ನು. ಅರಚುತ್ತ ಅರಚುತ್ತ ಒಡೆದು ಚೂರಾಗುವವರೆಗೂ ಓಡಬಹುದು. ಆಗ ಗಾಳಿ ಕಟ್ಟಬೇಕು: ಸೇದುವ ಬಾಯಿಗೆ ದಪ್ಪ ಹಲಗೆ ಒತ್ತಬೇಕು, ಕೈಯನ್ನಾಗಲಿ ಬಟ್ಟೆಯನ್ನಾಗಲಿ ಎಂದೂ ಒಯ್ಯಬಾರದು. ಡ್ರೈವರ್ ಒಳಗಿದ್ದು ಎದುರಿಗೆ ಯಾರೂ ಇಲ್ಲದಿದ್ದರೆ ಬ್ರೇಕು ಪೂರಾ ಒತ್ತಿ, ಎತ್ತರದ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಬಂದು ಮಾಡಬಹುದು. ಎರಡೂ ಆಗದಿದ್ದರೆ ದೂರ ಓಡುವುದೇ ಜಾಣತನ.

ಈ ಉಸಿರಿಗೆ ಲೋಕದಲ್ಲಿ ಒಂದು ಇತಿಹಾಸವೂ ಇದೆ. ಮೊದಲು ಕಾರುಗಳೂ ಕೊಳವೆಯನ್ನು ರಸ್ತೆಗೆ ಬಿಡುತ್ತಿದ್ದವು. ಗಾಡಿ ಓಡುವಾಗಿನ ಗಾಳಿ ಓರೆಯಾಗಿ ಕತ್ತರಿಸಿದ ತುದಿಯಿಂದ ಹೊಗೆಯನ್ನು ಎಳೆಯುತ್ತಿತ್ತು. ಲಾಸ್ ಏಂಜಲಿಸ್ ನಗರದ ಹೊಗೆಮಂಜಿಗೆ ವಾಹನಗಳೂ ಕಾರಣ ಎಂದು ಹಾಗೆನ್-ಸ್ಮಿತ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ ೧೯೬೧ರ ಮಾದರಿಯ ಕಾರುಗಳಿಂದ ಈ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ವ್ಯವಸ್ಥೆ ಬಂತು, ೧೯೬೩ರ ಮಾದರಿಗಳಲ್ಲಿ ಅಮೆರಿಕವಿಡೀ ಹರಡಿತು. ಸೈಲೆನ್ಸರಿನ ಹೊಗೆಗಿಂತ ಮೊದಲು ನಿಯಂತ್ರಣಕ್ಕೆ ಸಿಕ್ಕಿದ್ದು ಹೊಟ್ಟೆಯ ಹೊಗೆ. ಟರ್ಬೊ ಇರುವ ದೊಡ್ಡ ಡೀಸೆಲ್ಲುಗಳಿಗೆ ಅಲ್ಲಿ ಬಹುಕಾಲ ರಿಯಾಯತಿ ಇತ್ತು, ೨೦೦೭ರ ಮಾದರಿಯವರೆಗೂ. ನಮ್ಮಲ್ಲಿ ೨೦೨೦ರ ಏಪ್ರಿಲ್ ೧ರಿಂದ ಬಿಎಸ್-೬ ಬಂದ ಮೇಲಿನ ಲಾರಿಗಳನ್ನು ಇಟ್ಟುಕೊಂಡವರಿಗೆ ಎಣ್ಣೆಯ ಖರ್ಚು ಇನ್ನೊಂದು ಕಾರಣಕ್ಕೂ ಮುಖ್ಯ. ಅವುಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಜರಡಿಯಿದೆ. ಮಸಿಯಾದರೆ ಅಲ್ಲೇ ಸುಟ್ಟುಹೋಗುತ್ತದೆ, ಉರಿದ ಎಂಜಿನ್ ಎಣ್ಣೆಯ ಬೂದಿ ಸುಡುವುದಿಲ್ಲ, ಕೂತೇ ಬಿಡುತ್ತದೆ. ಅದಕ್ಕಾಗಿಯೇ ಅವಕ್ಕೆ ಬೂದಿ ಕಡಿಮೆಯಿರುವ ಎಣ್ಣೆ ಹೇಳುತ್ತಾರೆ. ಎಣ್ಣೆ ಬೇರೆ ಮಾಡುವ ಫಿಲ್ಟರು ಬ್ರೀದರಿನಲ್ಲಿದ್ದರೆ ಅದನ್ನು ಕೈಪಿಡಿಯ ಲೆಕ್ಕದಂತೆ ಬದಲಿಸಬೇಕು. ಆ ಫಿಲ್ಟರು ತುಂಬಿಕೊಂಡರೆ ಮಾಮನ ಲಾರಿಯ ಬಟ್ಟೆ ಸುತ್ತಿದ ಬಾಟಲಿಗೂ ಅದಕ್ಕೂ ಏನೂ ಅಂತರವಿಲ್ಲ.

ಇನ್ನು ನೀರಿನ ನಳಿಗೆ. ಮೂರು ಮೀಟರ್ ಪಾರದರ್ಶಕ ನಳಿಗೆಯನ್ನು ನಡುವೆ ಬಾಗಿಸಿ ಹಲಗೆಯ ಮೇಲೆ ಎರಡು ನೇರ ಕಾಲು ಬರುವಂತೆ ಕಟ್ಟಿ, ನಡುವೆ ಶಾಲೆಯ ಅಳತೆಪಟ್ಟಿ ಅಂಟಿಸಿ. ಅರ್ಧದವರೆಗೆ ನೀರು ಹಾಕಿ. ಅದಕ್ಕೆ ಚೂರು ಕುಂಕುಮ ಬೆರೆಸಿದರೆ ಓದಲು ಸುಲಭ. ಎಣ್ಣೆ ಸುರಿಯುವ ಬಾಯಿಯ ಹಳೆಯ ಮುಚ್ಚಳವೊಂದನ್ನು ತಂದು ತೂತು ಕೊರೆದು ಸಣ್ಣ ನಿಪ್ಪಲ್ ಕೂರಿಸಿ ನಳಿಗೆಯ ಒಂದು ತುದಿ ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿ ತೆರೆದೇ ಇರಲಿ. ಗೇಜ್ ಕಡ್ಡಿಯ ತೂತಿಗೆ ಸಿಕ್ಕಿಸಬೇಡಿ. ಕೆಲವು ಎಂಜಿನ್ನುಗಳಲ್ಲಿ ಅದರ ಕೊಳವೆ ಎಣ್ಣೆಯೊಳಗೆ ಮುಳುಗಿರುತ್ತದೆ. ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ ಅಳೆಯಿರಿ. ಒಂದು ಕಾಲಿನಲ್ಲಿ ನೀರು ೧೫ ಮಿಲಿಮೀಟರ್ ಇಳಿದು ಇನ್ನೊಂದರಲ್ಲಿ ೧೫ ಏರಿದರೆ ಒತ್ತಡ ೩೦ ಎಂದು ಓದಬೇಕು, ೧೫ ಅಲ್ಲ. ಆ ಎಂಜಿನ್ನಿಗೆ ಎಷ್ಟು ಮಿತಿ ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಕೈಪಿಡಿ ಸಿಗದಿದ್ದರೆ ಇಂದಿನ ಅಳತೆಯನ್ನು ತಾರೀಖು, ಕಿಲೋಮೀಟರಿನ ಸಮೇತ ಬರೆದಿಟ್ಟು, ಪ್ರತಿ ಸಲ ಎಣ್ಣೆ ಬದಲಿಸುವಾಗ ಅದೇ ವೇಗದಲ್ಲಿ ಅಳೆದು ಅದರ ಕೆಳಗೆ ಬರೆಯುತ್ತ ಹೋಗಿ. ಅಳತೆ ವರ್ಷಾನುಗಟ್ಟಲೆ ನಿಧಾನವಾಗಿ ಏರಿದರೆ ಸವೆತ. ಒಂದು ತಿಂಗಳಲ್ಲಿ ಹಾರಿದರೆ ಮೊದಲು ಲಾರಿಯ ಕೆಳಗೆ ಹೊಕ್ಕು ಕೊಳವೆಯ ಬಾಯಿ ನೋಡಿ.